ಇತರೆ

ನಮ್ಮ ತಹಸೀಲ್ದಾರ ಕಚೇರಿ ಇರುವುದು ಅರಮನೆಯಲ್ಲಿ.
ಅರಮನೆ ಎಂದರೆ ನೀವು ನಗಬಾರದು:
ನಾಲ್ಕು ಅಂಕಣದ ವಾಡೆ, ಸವೆದ ಶಹಾಬಾದಿ ಹಾಸು,
ದರ್ಬಾರು ನಡೆದ ಜಾಗದಲ್ಲಿ
ಆಧಾರ್ ತಿದ್ದುಪಡಿಯ ಪಾಳಿ.

ಕೆಂಪಲಗೇರಿ ಸಂಸ್ಥಾನ. ಹದಿನೇಳೂವರೆ ಹಳ್ಳಿ.
ಆ ಅರ್ಧ ಯಾಕೆಂದರೆ
ಘಟಪ್ರಭೆಯ ಆಚೆ ದಂಡೆ ಬ್ರಿಟಿಷರದು.
ಹೊಳೆ ಒಂದು ರಾತ್ರಿ ಮಗ್ಗಲು ಬದಲಿಸಿದರೆ
ಮಲಗಿದ್ದಲ್ಲೇ ಕೆಲವು ಕೋಳಿಗಳು
ಚಕ್ರವರ್ತಿಯ ಪ್ರಜೆಗಳಾಗಿ
ಬೆಳಗಿಗೆ ಕೂಗುತ್ತಿದ್ದವು.

ರಾಜನಿಗೆ ತೋಪಿನ ಸಲಾಮಿ ಇರಲಿಲ್ಲ.
ಹೈದರಾಬಾದಿಗೆ ಇಪ್ಪತ್ತೊಂದು, ಕೊಲ್ಹಾಪುರಕ್ಕೆ ಹತ್ತೊಂಬತ್ತು,
ಈತನಿಗೆ ಸೊನ್ನೆ.
ಅದಕ್ಕೇ ದಿನಾ ದೀಪ ಹಚ್ಚುವ ಹೊತ್ತಿಗೆ
ತನಗೆ ತಾನೇ ಒಂದು ತೋಪು ಹಾರಿಸಿಕೊಳ್ಳುತ್ತಿದ್ದ.
ನೆರೆಯ ಸಂಸ್ಥಾನದಿಂದ ದೂರು ಬಂತು:
ಸಪ್ಪಳಕ್ಕೆ ನಮ್ಮ ಎಮ್ಮೆಗಳು ಹಾಲು ಬಿಡುತ್ತಿಲ್ಲ.
ದಿವಾಣ ಸಖಾರಾಮಪಂತ ಜವಾಬು ಬರೆಸಿದ, ಒಂದೇ ಸಾಲು:
ತಮ್ಮ ಎಮ್ಮೆಗಳ ರಾಜಕೀಯ ಪ್ರಜ್ಞೆಗೆ ನಮ್ಮ ಮೆಚ್ಚುಗೆ ತಿಳಿಸುವುದು.

ಇದನ್ನೆಲ್ಲ ನನಗೆ ಓದಿ ಹೇಳುವವರು ಲಾಲಸಾಬ ಅತ್ತಾರ.
ತಾಲೂಕಿನಲ್ಲಿ ಮೋಡಿ ಬಲ್ಲ ಕಣ್ಣು ಅವೆರಡೇ,
ಅದರಲ್ಲೂ ಒಂದಕ್ಕೆ ಪೊರೆ.
ಹಾಳೆಗೆ ಮೂವತ್ತು ರೂಪಾಯಿ, ಚಹಾ ಬೇರೆ.
'ಮೋಡಿ ಅಂದ್ರ ಲೇಖಣಿ ಎತ್ತದ ಬರಿಯೂದ್ರಿ ಬಾಯಾರ,
ಉಸರ ಬಿಡದ ಓದೂದು.'
ಆದರೂ ನಡುನಡುವೆ ಬಿಡುತ್ತಾರೆ.

ನಿನ್ನೆ ತೆರೆದದ್ದು ಕೈದಿಗಳ ವಹಿ.
ಇಡೀ ವಹಿಗೆ ಒಬ್ಬನೇ ಕೈದಿ:
ಚನ್ನಮಲ್ಲಪ್ಪ ಗಾಣಿಗೇರ, ಪ್ರಜಾ ಪರಿಷತ್ತಿನ ಅಧ್ಯಕ್ಷ.
ಗುನ್ಹೆ: ಬದನೆಕಾಯಿಗೆ ಸುಂಕ ಯಾಕೆ ಎಂದು
ಸಂತೆಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ಕೇಳಿದ್ದು.
ಜೈಲು ಒಂದೇ ಕೋಣೆ (ಈಗ ನಮ್ಮ ಝೆರಾಕ್ಸು),
ಕಾವಲಿಗೆ ಅವನ ಹೆಂಡತಿಯ ತಮ್ಮ ಬಸಲಿಂಗ.
ಊಟದ ಖರ್ಚು: ಇಲ್ಲ, ರೊಟ್ಟಿ ಅಕ್ಕನ ಮನೆಯಿಂದ.
ಬೀಗದ ಖರ್ಚು: ಇಲ್ಲ, ಬೀಗ ಇಲ್ಲ.
ಬಾಗಿಲಿಗೆ ಹಗ್ಗ, ಒಂದಾಣೆ,
ಎದುರಿಗೆ ಷರಾ: ಮರ್ಯಾದೆಗಾಗಿ.

ನಲವತ್ತೆಂಟರಲ್ಲಿ ರಾಜ ವಿಲೀನಕ್ಕೆ ಸಹಿ ಹಾಕಿದ.
ತಿಜೋರಿ ಎಣಿಸಿ ಒಪ್ಪಿಸಿದ:
ಎರಡು ಸಾವಿರದ ನೂರಾ ಹನ್ನೆರಡು ರೂಪಾಯಿ,
ಮತ್ತೊಂದು ಖೋಟಾ ನಾಣ್ಯ,
ಅದಕ್ಕೂ ರಸೀದಿ ಕೇಳಿ ಪಡೆದ.

ಗಾಣಿಗೇರ ಆಮೇಲೆ ಶಾಸಕನಾದ. ಒಂದು ಸಲ.
ಸುಂಕ ಹೋಗಲಿಲ್ಲ, ಹೆಸರು ಬದಲಿಸಿಕೊಂಡು
ಸಂತೆಯ ಬಾಯಿಗೇ ಕುರ್ಚಿ ಹಾಕಿಕೊಂಡಿತು.
ಎಪ್ಪತ್ತು ದಾಟಿದ ಮೇಲೆ ಅದೇ ಜಾಗದಲ್ಲಿ ನಿಂತು
ಅದೇ ಪ್ರಶ್ನೆ ಕೇಳಿದ.
ಈ ಸಲ ಬೀಗ ಇತ್ತು.
ಬಾಗಲಕೋಟೆಯ ತನಕ ಬಸ್ಸು ಹತ್ತಿ
ಮುದುಕ ಬಸಲಿಂಗ ರೊಟ್ಟಿ ಒಯ್ದಿದ್ದ.
ಪಹರೆಯವನು ಒಳಗೆ ಬಿಡಲಿಲ್ಲ:
ಊಟ ಸರಕಾರದ್ದೇ ಇದೆ, ನೀನು ಯಾರು?
ಜಾಮೀನಿನ ಕಾಗದಕ್ಕೆ ಸಹಿ ರಾಣಿಸಾಹೇಬರದು.
ಉದ್ಯೋಗ ಎಂಬಲ್ಲಿ, ದುಂಡಗೆ, ಒಂದೇ ಪದ:
ಮಾಜಿ.

ಈಗ ಎಲ್ಲವೂ ಸ್ಕ್ಯಾನಿಗೆ.
ಬೆಂಗಳೂರಿನಿಂದ ಬಂದ ತಂತ್ರಾಂಶ
ಕಡತಕ್ಕೊಮ್ಮೆ ಕೇಳುತ್ತದೆ, ಮೂಲ ರಾಜ್ಯ ಯಾವುದು?
ಮುಂಬಯಿ, ಮೈಸೂರು, ಹೈದರಾಬಾದ್, ಮದ್ರಾಸ್, ಕೊಡಗು,
ಕೊನೆಗೆ, ಇತರೆ.
ಇತರೆ ಒತ್ತಿದೆ. ಬೆಳಗಿನಿಂದ ನಾನೂರಾ ಹನ್ನೊಂದು ಸಲ.
ತೋಪು, ಎಮ್ಮೆ, ಹಗ್ಗ, ಖೋಟಾ ನಾಣ್ಯ,
ಇತರೆ, ಇತರೆ.

'ಏನ್ ಬರದ್ರಿ ಅದರಾಗ?' ಅತ್ತಾರರು ಕೇಳಿದರು.
ಹೇಳಿದೆ.
ಅಂಗಿಯ ಚುಂಗಿನಿಂದ ಭೂತಗನ್ನಡಿ ಒರೆಸುತ್ತ
'ಹಂಗಾರ ಭಾಳ ದೊಡ್ಡ ರಾಜ್ಯ ಆತಲ್ರಿ ಅದು' ಎಂದರು.
ಹೊರಗೆ ಕಬ್ಬಿನ ಟ್ರ್ಯಾಕ್ಟರು,
ಹಾಡು ಹಚ್ಚಿಕೊಂಡು, ಹಳೆಯ ನಾಕೆ ದಾಟಿ ಹೋಯಿತು,
ಸುಂಕ ಕೊಡದೆ.

'ಲೆಕ್ಕಾ ಮಾಡ್ರಿನ್ನ. ಹಾಳಿಗೆ ಮೂವತ್ತು.
ಖಾಲಿ ಹಾಳಿನೂ ಹಿಡೀರಿ,
ಅವನ್ನೂ ಓದೇನಿ.'